ಹುಳು ಹಣ್ಣಾಗುವ ದಿನ ಆಳೆಲ್ಲಿ?

ರೇಷ್ಮೆಯ ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ತಂದ ಮೇಲೆ ಮೊದಲ ಹತ್ತು ದಿನದ ಕೆಲಸವನ್ನು ಗಂಡ ಹೆಂಡತಿ ಇಬ್ಬರೇ ನಿಭಾಯಿಸುತ್ತಾರೆ. ನಾಲ್ಕನೇ ಜ್ವರ ಎದ್ದಿತೆಂದರೆ ಲೆಕ್ಕವೇ ಬೇರೆ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಆ ಕೊನೆಯ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಕೊಯ್ಯುವವರು, ಹೊರುವವರು, ಹಾಸುವವರು ಎಲ್ಲರೂ ಬೇಕು. ಅದು ಮುಗಿಯುವ ಹೊತ್ತಿಗೆ ಹುಳು ಹಣ್ಣಾಗುತ್ತದೆ. ಮೇವು ಬಿಟ್ಟು, ಮೈ ಹೊಳಪಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವ ಹುಳುವನ್ನು ಅಂದೇ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡಮಾಡಿದರೆ ನೂಲನ್ನು ಹಾಸಿನ ಮೇಲೇ ಚೆಲ್ಲಿಬಿಡುತ್ತದೆ; ಗೂಡು ತೆಳುವಾಗುತ್ತದೆ, ಮಾರುಕಟ್ಟೆಯಲ್ಲಿ ಧಾರಣೆ ಬೀಳುತ್ತದೆ. ಒಂದು ಚಿಟ್ಟೆ ಇಡುವ ಅಷ್ಟೂ ತತ್ತಿಗೆ ಇಲ್ಲಿ ಒಂದು ಮೊಟ್ಟೆ ಎನ್ನುತ್ತಾರೆ; ಮುನ್ನೂರು ಮೊಟ್ಟೆಯ ಬೆಳೆ ಎಂದರೆ ಲಕ್ಷ ಮೀರಿದ ಹುಳು. ಅಷ್ಟನ್ನೂ ಒಂದೆರಡು ದಿನದೊಳಗೆ ಕೈಯಿಂದಲೇ ಆರಿಸಬೇಕು. ಅದೇ ಚಾಕಿ ಕೇಂದ್ರದಿಂದ ಅದೇ ದಿನ ಹುಳು ತಂದ ಪಕ್ಕದ ಮನೆಯಲ್ಲೂ ಅದೇ ಹೊತ್ತಿಗೆ ಹುಳು ಹಣ್ಣಾಗಿರುತ್ತದೆ. ಆಳು ಯಾರ ಮನೆಗೆ ಹೋಗಬೇಕು?

ಯಾವ ಕೆಲಸಕ್ಕೆ ಯಾರನ್ನು, ಯಾವ ಯಂತ್ರವನ್ನು, ಯಾವ ದಿನದಿಂದ ಎಷ್ಟು ಹೊತ್ತು ಕಟ್ಟಬೇಕು ಎಂಬ ಪ್ರಶ್ನೆಗೆ ಇಂದು ಕಂಪ್ಯೂಟರಿನಲ್ಲಿ ಉತ್ತರ ಹುಡುಕುತ್ತಾರೆ. ಸೇತುವೆ ಕಟ್ಟುವ ಗುತ್ತಿಗೆದಾರರು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು, ಸರ್ಕಾರದ ಕಾಮಗಾರಿ ವಿಭಾಗಗಳು ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಪ್ರೈಮವೇರಾದಂಥ ತಂತ್ರಾಂಶಗಳಲ್ಲಿ ಕೆಲಸದ ಪಟ್ಟಿ ಬರೆದು, ಪ್ರತಿ ಸಾಲಿನ ಮುಂದೆ 'ರಿಸೋರ್ಸ್' ಎಂಬ ಕಾಲಂ ತುಂಬುತ್ತಾರೆ. ಆ ಕಾಲಂ ತುಂಬುವ ವಿದ್ಯೆ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗಿಂತ ಒಳ್ಳೆಯ ಸೀಮೆ ಸಿಗಲಾರದು. 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಸೀಮೆಯಲ್ಲಿ ಹುಳು ಸಾಕಣೆಯೂ ಇದೆ, ಜಪಾನಿ ಪದ್ಧತಿಯ ಕಾರು ಕಾರ್ಖಾನೆಯೂ ಇದೆ, ಅರಗಿನ ಬೊಂಬೆಯ ಲೇತೂ ಇದೆ, ಉದ್ಯೋಗ ಖಾತರಿಯ ಹಾಜರಿ ಪಟ್ಟಿಯೂ ಇದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಾಂಕ ಮೊದಲು ಬರೆದು ಆಮೇಲೆ ಆಳು ಹುಡುಕುವ ಪಟ್ಟಿ ನಿಲ್ಲುವುದಿಲ್ಲ. ಯಾವ ಕೈ ಅಪರೂಪವೋ ಅದನ್ನು ಮೊದಲು ಬರೆಯಬೇಕು. ದಿನಾಂಕ ಅದರಿಂದ ಹುಟ್ಟಬೇಕು.

ಈ ವಿದ್ಯೆಯ ಇತಿಹಾಸ ಹೆಚ್ಚುಕಡಿಮೆ ತದ್ವಿರುದ್ಧ ದಾರಿಯಲ್ಲಿ ಬೆಳೆದದ್ದು. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಬಳಕೆಗೆ ತಂದ ಪಟ್ಟಿಚಿತ್ರದಲ್ಲಿ ಕೆಲಸಗಳು ಅಡ್ಡ ಗೆರೆಗಳಾಗಿ ಸಾಲು ನಿಂತವು. 1957ರ ಸುಮಾರಿಗೆ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ 'ಕ್ರಿಟಿಕಲ್ ಪಾತ್' ಲೆಕ್ಕ ಕಟ್ಟಿದರು. ಯಾವ ಕೆಲಸದ ಹಿಂದೆ ಯಾವುದು, ಯಾವುದು ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂದು ತೋರಿಸುವ ಲೆಕ್ಕ ಅದು. ಮರುವರ್ಷವೇ ಅಮೆರಿಕದ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಪದ್ಧತಿ ತಂದಿತು. ಇವೆರಡೂ ಮೂಲದಲ್ಲಿ ಕಾಲದ ಲೆಕ್ಕಗಳು. ಆಳು, ಯಂತ್ರ, ಸಾಮಗ್ರಿ ಕೇಳಿದಾಗ ಕೇಳಿದಷ್ಟು ಸಿಗುತ್ತವೆ ಎಂದು ಒಪ್ಪಿಕೊಂಡೇ ಹೊರಟವು. ಕ್ಷಿಪಣಿಗೆ ಹಣದ ಕೊರತೆ ಇರಲಿಲ್ಲ, ಅಲ್ಲಿ ಅದು ನಡೆಯಿತು. 1983ರಲ್ಲಿ ಪ್ರೈಮವೇರಾ, 1984ರಲ್ಲಿ ಡಾಸ್ ಯಂತ್ರಗಳಿಗೆ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಂದಾಗ ಈ ಲೆಕ್ಕಗಳು ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿದವು. ಇವತ್ತಿಗೂ ಹೊಸಬರಿಗೆ ಕಲಿಸುವ ಕ್ರಮ ಅದೇ: ಕೆಲಸ ಬರೆ, ಅವಧಿ ಬರೆ, ಗೆರೆ ಎಳೆದು ಜೋಡಿಸು, ಕೊನೆಗೆ ಆಳು ಹಾಕು.

ಆಳು ಹಾಕಿದ ಕೂಡಲೇ ಒಳಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕನಕಪುರ ಕಡೆ ಒಬ್ಬ ರೈತ ಹುಳು ಸಾಕುವ ಮನೆ ಕಟ್ಟಿಸುತ್ತಿದ್ದಾನೆ ಎಂದುಕೊಳ್ಳೋಣ. ಗೋಡೆಗೆ 80 ಗಂಟೆಯ ಕೆಲಸವಿದೆ. ದಿನಕ್ಕೆ 8 ಗಂಟೆ ದುಡಿಯುವ ಒಬ್ಬ ಗಾರೆ ಕೆಲಸದವನ ಹೆಸರು ಹಾಕಿದರೆ ತಂತ್ರಾಂಶ 10 ದಿನ ಎನ್ನುತ್ತದೆ. ಎರಡನೆಯವನ ಹೆಸರು ಸೇರಿಸಿದೊಡನೆ 5 ದಿನಕ್ಕೆ ಇಳಿಸುತ್ತದೆ. ದುಡಿಮೆ ಎಂದರೆ ಅವಧಿ ಗುಣಿಸು ಆಳು. ಈ ಮೂರರಲ್ಲಿ ಯಾವುದನ್ನು ಕದಲದಂತೆ ಹಿಡಿಯಬೇಕೆಂದು ನಾವು ಹೇಳಬೇಕು, ಉಳಿದದ್ದನ್ನು ಅದು ಲೆಕ್ಕ ಹಾಕುತ್ತದೆ. ದುಡಿಮೆ ಸ್ಥಿರ ಎಂದರೆ ಆಳು ಹೆಚ್ಚಿದಂತೆ ದಿನ ಕಡಿಮೆ. ಅವಧಿ ಸ್ಥಿರ ಎಂದರೆ ಎಷ್ಟು ಜನ ಬಂದರೂ ದಿನ ಅಷ್ಟೇ. ಕಂಬಕ್ಕೆ, ಚಾವಣಿಗೆ ಹಾಕಿದ ಕಾಂಕ್ರೀಟಿಗೆ ನೀರು ಹಿಡಿದು ಕಾಯುವುದು ಎರಡನೇ ಜಾತಿಯ ಕೆಲಸ. ಹತ್ತು ಜನ ಸುತ್ತ ನಿಂತರೂ ಸಿಮೆಂಟು ತನ್ನ ಹೊತ್ತಿಗೇ ಬಿಗಿಯುತ್ತದೆ. ನೆಟ್ಟ ಹಿಪ್ಪುನೇರಳೆ ಮೊದಲ ಸೊಪ್ಪಿಗೆ ಬರಲು ಹಿಡಿಯುವ ತಿಂಗಳುಗಳೂ ಹಾಗೆಯೇ.

ತಂತ್ರಾಂಶದಲ್ಲಿ ಈ ಆಯ್ಕೆ ಒಂದು ಪುಟ್ಟ ಕಿಟಕಿಯೊಳಗೆ ಅಡಗಿರುತ್ತದೆ, ಬಹಳ ಮಂದಿ ಅದನ್ನು ತೆರೆಯುವುದೇ ಇಲ್ಲ. ದುಡಿಮೆ ಸ್ಥಿರ ಎಂಬ ಒಂದೇ ಆಯ್ಕೆಯನ್ನು ಎಲ್ಲ ಸಾಲಿಗೂ ಬಿಟ್ಟು, ತಡವಾದ ಕಡೆಯಲ್ಲೆಲ್ಲ ಹೆಸರು ಸೇರಿಸುತ್ತ ಹೋಗುತ್ತಾರೆ; ಪರದೆಯ ಮೇಲೆ ಗೆರೆಗಳು ಕುಗ್ಗುತ್ತ ಹೋಗುತ್ತವೆ. ಆ ಕುಗ್ಗುವಿಕೆಯನ್ನು ನಂಬಿ ಸಭೆಯಲ್ಲಿ ದಿನಾಂಕ ಘೋಷಿಸುವುದಕ್ಕಿಂತ ದೊಡ್ಡ ತಪ್ಪು ಈ ವಿದ್ಯೆಯಲ್ಲಿ ಇನ್ನೊಂದಿಲ್ಲ. ಫ್ರೆಡ್ ಬ್ರೂಕ್ಸ್ ಐಬಿಎಂನಲ್ಲಿ ದೊಡ್ಡ ತಂತ್ರಾಂಶವೊಂದನ್ನು ಕಟ್ಟಿಸಿದ ಅನುಭವದಿಂದ 1975ರ ತಮ್ಮ ಪುಸ್ತಕದಲ್ಲಿ ಇದನ್ನೇ ಎಚ್ಚರಿಸಿದರು: ತಡವಾದ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ, ಏಕೆಂದರೆ ಹೊಸಬರಿಗೆ ಕಲಿಸುವವರು ಕೆಲಸ ಬಿಟ್ಟು ಕಲಿಸಬೇಕು. ರಾಮನಗರದ ನೂಲು ಬಿಚ್ಚುವ ಫಿಲೇಚರ್‌ಗಳಲ್ಲಿ ಇದನ್ನು ಯಾರೂ ಪುಸ್ತಕ ನೋಡಿ ಕಲಿಯಬೇಕಿಲ್ಲ. ಬಿಸಿನೀರಿನ ಬೇಸಿನ್‌ನಲ್ಲಿ ಗೂಡಿನ ಎಳೆಯ ತುದಿ ಹಿಡಿದು, ಹಲವು ಎಳೆ ಕೂಡಿಸಿ, ತುಂಡಾದ ಕಡೆ ಓಟ ನಿಲ್ಲಿಸದೆ ಹೊಸ ಗೂಡು ಕೊಡುವ ಹೆಣ್ಣುಮಕ್ಕಳ ಕೈಚಳಕ ತಿಂಗಳುಗಟ್ಟಲೆ ಕೂತು ಬಂದದ್ದು. ಹೊಸಬಳನ್ನು ಕೂರಿಸಿದ ದಿನ ನೂಲು ಹೆಚ್ಚುವುದಿಲ್ಲ, ಹಾಳಾದ ಎಳೆ ಹೆಚ್ಚುತ್ತದೆ.

ಫಿಲೇಚರ್ ಇನ್ನೊಂದು ಪಾಠವನ್ನೂ ಹೇಳುತ್ತದೆ. ರೀಲರ್ ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಇ-ಹರಾಜಿನಲ್ಲಿ ಲಾಟು ಹಿಡಿಯುವವರೆಗೆ ಅವನ ಯೋಜನೆ ಖಾಲಿ ಹಾಳೆ. ದ್ವಿತಳಿ ಗೂಡು ಸಿಕ್ಕಿದರೆ ಒಂದು ಕೆಲಸ, ಮಿಶ್ರತಳಿ ಸಿಕ್ಕಿದರೆ ಇನ್ನೊಂದು. ಸ್ವಯಂಚಾಲಿತ ಯಂತ್ರಕ್ಕೆ ಸಮನಾದ, ಗಟ್ಟಿಯಾದ ಗೂಡೇ ಬೇಕು. ಹಳೆಯ ಚರಕ ಕಳಪೆ ಗೂಡನ್ನೂ ಸಹಿಸಿಕೊಳ್ಳುತ್ತದೆ. ಗೂಡನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತೆಯೂ ಇಲ್ಲ. ಬಿಸಿ ಹಾಯಿಸಿ ಒಳಗಿನ ಪ್ಯೂಪಾ ಕೊಲ್ಲದಿದ್ದರೆ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಎಳೆ ಹಾಳಾಗುತ್ತದೆ. ತಂತ್ರಾಂಶದಲ್ಲಿ ರಿಸೋರ್ಸ್‌ಗಳನ್ನು ದುಡಿಯುವವು, ಸಾಮಗ್ರಿ, ಖರ್ಚು ಎಂದು ಮೂರು ಜಾತಿ ಮಾಡಿರುತ್ತಾರೆ. ಸಾಮಗ್ರಿಗೆ ಬರೀ ಪ್ರಮಾಣವಿರುತ್ತದೆ, ರಜೆಯ ದಿನಗಳಿರುವುದಿಲ್ಲ, ಆಯುಸ್ಸೂ ಇರುವುದಿಲ್ಲ. ಹಾಲು, ಹೂವು, ಗೂಡು, ಮಾವು ನಂಬಿದ ಸೀಮೆಗೆ ಇದು ದೊಡ್ಡ ಕೊರತೆ. ಕಬ್ಬಿಣ, ಸಿಮೆಂಟನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ವಿಂಗಡಣೆ ಅದು.

ಸಾಮಗ್ರಿಯ ಮಾತು ಬಂದಾಗ ಮಾಗಡಿಯನ್ನು ಬಿಟ್ಟು ಮುಂದೆ ಹೋಗಲಾಗದು. ಹೇಮಾವತಿ ನೀರನ್ನು ಮಾಗಡಿ ಭಾಗದ ಕೆರೆಗಳಿಗೆ ತುಂಬಿಸುವ ಶ್ರೀರಂಗ ಏತ ನೀರಾವರಿ ಯೋಜನೆಗೆ ಗುತ್ತಿಗೆದಾರ, ಕೊಳವೆ, ಯಂತ್ರ ಎಲ್ಲವನ್ನೂ ಪಟ್ಟಿಯಲ್ಲಿ ಬರೆಯಬಹುದಿತ್ತು. ಕೊಳವೆಯೊಳಗೆ ಹರಿಯಬೇಕಾದ ನೀರು ಯಾರ ಪಾಲಿನದು ಎಂಬುದು ಮಾತ್ರ ಇತ್ಯರ್ಥವಾಗದೆ ಉಳಿಯಿತು. ಎಕ್ಸ್‌ಪ್ರೆಸ್ ಲಿಂಕ್ ಎಂಬ, ನೀರನ್ನು ಇತ್ತ ತರುವ ಕಾಲುವೆ ತೋಡಿದರೆ ತಮ್ಮ ನೀರು ಹೋಗುತ್ತದೆಂದು ತುಮಕೂರು ಕಡೆಯ ರೈತರು 2024ರಲ್ಲೂ 2025ರಲ್ಲೂ ಬೀದಿಗಿಳಿದರು. ಇಬ್ಬರ ಬಾಯಾರಿಕೆಯೂ ನಿಜ. ಎಲ್ಲಕ್ಕಿಂತ ಅಪರೂಪದ ವಸ್ತುವನ್ನು ಇತ್ಯರ್ಥ ಮಾಡಿಕೊಳ್ಳದೆ ಸುಲಭಕ್ಕೆ ಸಿಗುವ ವಸ್ತುಗಳ ಸುತ್ತ ವೇಳಾಪಟ್ಟಿ ಹೆಣೆದರೆ ಅದರ ಬೆಲೆಯನ್ನು ಎರಡೂ ಕಡೆಯ ರೈತರು ತೆರುತ್ತಾರೆ.

ಈಗ ಆಳಿನ ಹಂಚಿಕೆಯ ನಟ್ಟನಡುವಿನ ಕಷ್ಟಕ್ಕೆ ಬರೋಣ. ಒಬ್ಬನೇ ಮೇಸ್ತ್ರಿಯ ಹೆಸರನ್ನು ಒಂದೇ ವಾರದಲ್ಲಿ ಎರಡು ಕೆಲಸಕ್ಕೆ ಹಾಕಿದರೆ ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ ಆ ಸಾಲಿನ ಪಕ್ಕ ಒಂದು ಕೆಂಪು ಮನುಷ್ಯಾಕೃತಿ ಮೂಡುತ್ತದೆ. ಅವನ ಮೇಲೆ ಹೊರೆ ಮೀರಿದೆ ಎಂಬ ಎಚ್ಚರಿಕೆ ಅದು. 'ಲೆವೆಲಿಂಗ್' ಎಂಬ ಗುಂಡಿ ಒತ್ತಿದರೆ ಎರಡರಲ್ಲಿ ಒಂದು ಕೆಲಸ ಮುಂದಕ್ಕೆ ಸರಿಯುತ್ತದೆ. ಬಿಡುವಿರುವ ಕೆಲಸವನ್ನು ಮೊದಲು ಸರಿಸುತ್ತದೆ. ಬಿಡುವು ಸಾಲದಿದ್ದರೆ ಯೋಜನೆಯ ಕೊನೆಯ ದಿನವೇ ಮುಂದೆ ಹೋಗುತ್ತದೆ. ಕೊನೆಯ ದಿನ ಕದಲಬಾರದೆಂದು ನಾವು ಕಟ್ಟು ಹಾಕಿದರೆ ಇದ್ದ ಬಿಡುವಿನೊಳಗೇ ಸರಿಸಿ ಉಳಿದ ಕೆಂಪನ್ನು ಹಾಗೇ ಬಿಡುತ್ತದೆ. ಯಾವ ಕೆಲಸ ಮುಖ್ಯ ಎಂದು ತಿಳಿಸಲು 0ಯಿಂದ 1000ದವರೆಗೆ ಅಂಕಿ ಕೊಡಬಹುದು. ಎಲ್ಲದಕ್ಕೂ ಮೊದಲೇ 500 ಎಂದಿರುತ್ತದೆ. 1000 ಕೊಟ್ಟರೆ ಅದನ್ನು ಮುಟ್ಟುವುದೇ ಇಲ್ಲ.

ಇಷ್ಟು ಶಕ್ತಿಯ ಕಂಪ್ಯೂಟರ್ ಅತ್ಯುತ್ತಮ ಹಂಚಿಕೆಯನ್ನೇ ಹುಡುಕಿಕೊಡಬಾರದೇಕೆ? ಸೀಮಿತ ಆಳು-ಯಂತ್ರಗಳನ್ನು ಪರಸ್ಪರ ಅವಲಂಬಿಸಿದ ಕೆಲಸಗಳಿಗೆ ಹಂಚಿ ಅತಿ ಕಡಿಮೆ ದಿನದಲ್ಲಿ ಮುಗಿಸುವ ಸಮಸ್ಯೆ ಗಣಿತದ ಅತಿ ಕಠಿಣ ವರ್ಗಕ್ಕೆ ಸೇರಿದ್ದೆಂದು ಬ್ಲಾಝೆವಿಚ್, ಲೆನ್‌ಸ್ಟ್ರಾ, ರಿನೂಯ್ ಕಾನ್ ಎಂಬ ಮೂವರು 1983ರಲ್ಲಿ ಸಾಧಿಸಿ ತೋರಿಸಿದರು. ಕೆಲಸಗಳ ಸಂಖ್ಯೆ ಏರಿದಂತೆ ನೋಡಬೇಕಾದ ದಾರಿಗಳು ಸ್ಫೋಟಿಸುತ್ತವೆ. ಸಂಶೋಧಕರು ಪರೀಕ್ಷೆಗೆಂದು 1990ರ ದಶಕದಲ್ಲಿ ಕಟ್ಟಿಟ್ಟ ಮಾದರಿ ಲೆಕ್ಕಗಳಲ್ಲಿ ಬರೀ 60 ಕೆಲಸದ ಕೆಲವಕ್ಕೂ ದಶಕಗಳ ಕಾಲ ಅತ್ಯುತ್ತಮ ಉತ್ತರ ಇದೇ ಎಂದು ಖಚಿತಪಡಿಸಲಾಗಲಿಲ್ಲ. ಒಂದು ಸಾಧಾರಣ ರಸ್ತೆ ಕಾಮಗಾರಿಯ ಪಟ್ಟಿಯಲ್ಲೇ ನೂರಾರು ಸಾಲುಗಳಿರುತ್ತವೆ. ಆದ್ದರಿಂದ ಗುಂಡಿ ಒತ್ತಿದಾಗ ತಂತ್ರಾಂಶ ಕೊಡುವುದು ಕೆಲವು ಸರಳ ನಿಯಮ ಹಿಡಿದು ಕಂಡುಕೊಂಡ ಒಂದು ದಾರಿಯನ್ನಷ್ಟೆ. ನಿಜವಾಗಿಯೂ ನಡೆಯುವ ದಾರಿ ಊರಿನ ಮೇಸ್ತ್ರಿಗೆ ಗೊತ್ತಿರಬಹುದು, ಅವನನ್ನು ಕೇಳಿದರೆ ಗಣಿತಕ್ಕೇನೂ ಅವಮಾನವಿಲ್ಲ.

ಚನ್ನಪಟ್ಟಣದ ಬೊಂಬೆ ಕೆಲಸವನ್ನು ಈ ಕಣ್ಣಿಂದ ನೋಡಿದರೆ ಅಪರೂಪದ ಕೈ ಎಂಬುದರ ಅರ್ಥ ಬಿಡಿಸಿಕೊಳ್ಳುತ್ತದೆ. ಹಾಲೆ ಮರ ತಂದು ತುಂಡು ಮಾಡಿ ಒಣಗಲು ಬಿಡಬೇಕು. ಅದು ಕಾಯುವ ಕೆಲಸ, ಅಲ್ಲಿ ಆಳು ಹೆಚ್ಚಿಸಿ ಫಲವಿಲ್ಲ. ಕತ್ತರಿಸುವುದು, ಉಜ್ಜುವುದು, ಜೋಡಿಸುವುದು, ಡಬ್ಬಿಗೆ ತುಂಬುವುದು ಹಲವರಿಗೆ ಬರುತ್ತದೆ. ನಡುವೆ ಲೇತ್ ಇದೆ. ತಿರುಗುವ ಮರಕ್ಕೆ ಉಳಿ ಹಿಡಿದು ಆಕಾರ ತೆಗೆದು, ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಒಣ ಗರಿಯಿಂದ ಒರೆಸಿದಾಗ ಕನ್ನಡಿಯ ಹೊಳಪು ಬರುತ್ತದೆ. ಒತ್ತಡ ಹೆಚ್ಚಾದರೆ ಬಣ್ಣ ಸುಟ್ಟ ಹಾಗೆ ಕಾಣುತ್ತದೆ, ಕಡಿಮೆಯಾದರೆ ಪಟ್ಟೆಪಟ್ಟೆಯಾಗುತ್ತದೆ. ಈ ಕೈ ಎಲ್ಲರದಲ್ಲ. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ಅರಗಿನ ಕೆಲಸದಿಂದ ಕಲಿತದ್ದನ್ನು ಇಲ್ಲಿಗೆ ಹೊಂದಿಸಿದ ದಿನದಿಂದ ಅದು ಗುರುವಿನ ಪಕ್ಕ ಕೂತೇ ಹರಿದು ಬಂದಿದೆ.

ದಸರೆಗೆ ಮುಂಚೆ ದೊಡ್ಡ ಆರ್ಡರ್ ಬಂದಿದೆ, ಹತ್ತು ಬಗೆಯ ಆಟಿಕೆ ಬೇಕು ಎಂದಿಟ್ಟುಕೊಳ್ಳಿ. ಪಟ್ಟಿ ಬರೆಯುವವನು ಹತ್ತು ಬಗೆಗೂ ಹತ್ತು ಗೆರೆ ಎಳೆದು, ಎಲ್ಲದರ ಮುಂದೆ 'ಕುಶಲಕರ್ಮಿ' ಎಂದು ಬರೆದರೆ ಪರದೆಯ ಮೇಲೆ ಎಲ್ಲವೂ ಸರಾಗ. ಲೇತಿನ ಮುಂದೆ ಅಂಥ ಕೈಯವರು ಇಬ್ಬರೇ ಇದ್ದರೆ ಹತ್ತೂ ಗೆರೆಗಳು ಆ ಇಬ್ಬರ ಮೂಲಕವೇ ಹಾಯಬೇಕು. ಉಳಿದವರನ್ನು ಇಪ್ಪತ್ತರಿಂದ ನಲವತ್ತಕ್ಕೆ ಏರಿಸಿದರೂ ಒಂದು ಆಟಿಕೆ ಬೇಗ ಬರುವುದಿಲ್ಲ. ಉಜ್ಜಿ ಮುಗಿಸಿದ ಮರದ ರಾಶಿ ಮಾತ್ರ ಬೆಳೆಯುತ್ತದೆ. ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ 'ಕ್ರಿಟಿಕಲ್ ಚೈನ್' ಎಂದು ಕರೆದದ್ದು ಇದನ್ನೇ. ಕೆಲಸಗಳ ಸರಣಿಯ ಜೊತೆಗೆ ಅಪರೂಪದ ಕೈಯ ಸರಣಿಯನ್ನೂ ಹೆಣೆದು ಅದರ ಉದ್ದವೇ ಯೋಜನೆಯ ಉದ್ದ ಎಂದು ಒಪ್ಪಿಕೊಳ್ಳಬೇಕು, ಪ್ರತಿ ಕೆಲಸಕ್ಕೂ ಒಂದೊಂದು ದಿನ ಅಡಗಿಸಿಡುವ ಬದಲು ಉಳಿಕೆ ದಿನಗಳನ್ನೆಲ್ಲ ಕೊನೆಯಲ್ಲಿ ಒಟ್ಟಾಗಿ ಇಡಬೇಕು ಎಂದರು. ಈ ಪದ್ಧತಿಗೆ ಟೀಕೆಗಳಿವೆ. ಹೊಸ ಹೆಸರಿಟ್ಟ ಹಳೆಯ ಲೆಕ್ಕ ಎಂದವರೂ ಇದ್ದಾರೆ. ಹಳೆಯದಾದರೂ ಸರಿ, ಚನ್ನಪಟ್ಟಣದಂಥ ಕಡೆ ಇದೇ ಹೊಂದುವ ಲೆಕ್ಕ ಎಂದು ನನ್ನ ಅಭಿಪ್ರಾಯ. ಆಟಿಕೆಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದ ಮೇಲೆ ಬೇಡಿಕೆಗೆ ಬಲ ಬಂತು. ಬೇಡಿಕೆ ಹೆಚ್ಚಿಸುವಷ್ಟೇ ಶ್ರದ್ಧೆಯಿಂದ ಲೇತಿನ ಮುಂದೆ ಮೂರನೆಯವನನ್ನು ಕೂರಿಸಿ ಕಲಿಸುವ ಕೆಲಸವನ್ನೂ ಯೋಜನೆಯ ಒಂದು ಸಾಲಾಗಿ ಬರೆಯಬೇಕು.

ಅಪರೂಪದ ರಿಸೋರ್ಸ್ ಮನುಷ್ಯನೇ ಆಗಿರಬೇಕೆಂದಿಲ್ಲ. ರಾಮನಗರದ ಬಂಡೆಗಳ ನಡುವೆ 1973ರ ಅಕ್ಟೋಬರಿನಲ್ಲಿ ಶುರುವಾದ 'ಶೋಲೆ' ಚಿತ್ರೀಕರಣಕ್ಕೆ ಊರಿಗೆ ಊರೇ ಸೆಟ್ ಆಗಿ ನಿಂತಿತು, ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಮಾಡಿದರು. ನಟರು, ಕುದುರೆಗಳು, ಕ್ಯಾಮೆರಾ ಎಲ್ಲ ಇದ್ದರೂ ಬೆಳಕಿನ ತೊಂದರೆಯಿಂದ ಎರಡು ಪುಟ್ಟ ದೃಶ್ಯಗಳಿಗೆ 20 ದಿನ ಹಿಡಿಯಿತು. ಮುಸ್ಸಂಜೆಯ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತದೆ, ನಾಳೆಗೆ ಉಳಿಸಿಡಲಾಗದು, ಬಾಡಿಗೆಗೆ ತರಲಾಗದು. ನಿರ್ದೇಶಕ ರಮೇಶ್ ಸಿಪ್ಪಿ, ಛಾಯಾಗ್ರಾಹಕ ದ್ವಾರಕಾ ದಿವೇಚಾ ಆ ಕೆಲವು ನಿಮಿಷಗಳಿಗೆ ತಕ್ಕಂತೆ ಉಳಿದ ದಿನವನ್ನು ಹೊಂದಿಸಿಕೊಂಡರು. ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸುವ ರೈತನೂ ತ್ರೀಫೇಸ್ ಕರೆಂಟು ಬರುವ ಗಂಟೆಗಳಿಗೆ ತನ್ನ ನಿದ್ದೆಯನ್ನು ಹೊಂದಿಸಿಕೊಳ್ಳುವುದು ಇದೇ ರೀತಿ. ಅವನ ಪಂಪಿನ ಕ್ಯಾಲೆಂಡರನ್ನು ಬರೆದಿಡುವವನು ಅವನಲ್ಲ, ವಿದ್ಯುತ್ ಕಂಪನಿ.

ಈ 'ರಿಸೋರ್ಸ್ ಕ್ಯಾಲೆಂಡರ್' ತಂತ್ರಾಂಶದಲ್ಲಿ ಬಹಳ ಉಪಯುಕ್ತವಾದ, ಬಹಳ ಕಡಿಮೆ ಬಳಕೆಯಾಗುವ ಸೌಲಭ್ಯ. ಪ್ರತಿ ವ್ಯಕ್ತಿಗೂ ಯಂತ್ರಕ್ಕೂ ಪ್ರತ್ಯೇಕವಾಗಿ ಯಾವ ದಿನ ಲಭ್ಯ, ಯಾವ ದಿನ ಇಲ್ಲ ಎಂದು ತುಂಬಬಹುದು. ತುಂಬದೆ ಬಿಟ್ಟರೆ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ ಎಂಟರಿಂದ ಸಂಜೆ ಐದು ಎಂಬ ದೂರದ ದೇಶದ ವಾರವೇ ಎಲ್ಲರಿಗೂ ಅನ್ವಯವಾಗುತ್ತದೆ. ರಾಮನಗರದಲ್ಲಿ ಆಷಾಢದಲ್ಲಿ ಚಾಮುಂಡೇಶ್ವರಿ ಕರಗ, ರೀಲರುಗಳಲ್ಲಿ ಬಹಳಷ್ಟು ಮುಸ್ಲಿಂ ಕುಟುಂಬಗಳಿರುವುದರಿಂದ ರಂಜಾನ್ ತಿಂಗಳ ಬೇರೆ ಹೊತ್ತು. ಚನ್ನಪಟ್ಟಣದಲ್ಲಿ ಸಂಕ್ರಾಂತಿ ಆಸುಪಾಸಿನ ಕೆಂಗಲ್ ಜಾತ್ರೆ. ಮಾಗಡಿಯಲ್ಲಿ ರಂಗನಾಥಸ್ವಾಮಿಯ ತೇರು, ಚಳಿಗಾಲದ ಅವರೆಕಾಯಿ. ಎಲ್ಲ ಕಡೆ ನವೆಂಬರ್-ಡಿಸೆಂಬರಿನ ರಾಗಿ ಕೊಯ್ಲು, ಬೇಸಿಗೆಯ ಮಾವು. ಇದನ್ನೆಲ್ಲ 'ಗೈರುಹಾಜರಿ' ಎಂದು ಬರೆಯುವ ಗುತ್ತಿಗೆದಾರ ಪ್ರತಿ ವರ್ಷ ಅದೇ ತಿಂಗಳು ಅದೇ ಸಿಟ್ಟು ಮಾಡಿಕೊಳ್ಳುತ್ತಾನೆ. ವರ್ಷಾರಂಭದಲ್ಲೇ ಕ್ಯಾಲೆಂಡರಿಗೆ ಸೇರಿಸಿದವನ ದಿನಾಂಕ ಆರಂಭದಲ್ಲಿ ಕೊಂಚ ಉದ್ದವಾಗಿ ಕಾಣುತ್ತದೆ, ಆದರೆ ಅದು ನಿಜವಾಗುವ ದಿನಾಂಕ.

ಹಳ್ಳಿಗಳು ಈ ಲೆಕ್ಕವನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದವು. ರಾಗಿ ಕೊಯ್ಲಿಗೆ, ಒಕ್ಕಣೆಗೆ, ನಾಟಿಗೆ ಮುಯ್ಯಾಳು ಕರೆಯುತ್ತಿದ್ದರು. ಇವತ್ತು ನನ್ನ ಹೊಲಕ್ಕೆ ಹತ್ತು ಮನೆಯಿಂದ ಹತ್ತು ಜನ, ನಾಳೆಯಿಂದ ನಮ್ಮ ಮನೆಯವರು ಆ ಹತ್ತೂ ಹೊಲಕ್ಕೆ. ಕೂಲಿ ಇಲ್ಲ, ಋಣದ ಲೆಕ್ಕ ಬಾಯಲ್ಲೇ ಇತ್ತು, ತಪ್ಪಿದವರಿಗೆ ಮುಂದಿನ ಸಲ ಆಳಿಲ್ಲ. ಹಲವು ಯೋಜನೆಗಳು ಒಂದೇ 'ರಿಸೋರ್ಸ್ ಪೂಲ್' ಹಂಚಿಕೊಳ್ಳುವ ವ್ಯವಸ್ಥೆಯನ್ನು ದೊಡ್ಡ ತಂತ್ರಾಂಶಗಳು ಹೆಮ್ಮೆಯಿಂದ ತೋರಿಸುತ್ತವೆ. ಆದರೆ ಅಲ್ಲಿ ಯಾರ ಯೋಜನೆ ಮೊದಲು ಎಂದು ಮೇಲಿನವರು ನಿರ್ಧರಿಸುತ್ತಾರೆ. ಮುಯ್ಯಾಳಿನಲ್ಲಿ ಹೊಲದ ಪೈರು ನಿರ್ಧರಿಸುತ್ತಿತ್ತು. ಆ ಪದ್ಧತಿ ಸೊರಗಿದೆ. ಊರಿನ ಯುವಕರು ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ, ರೈಲು ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಸಂಬಳ ತರುವ ಕೆಲಸ ಬಿಟ್ಟು ಹುಳು ಆರಿಸಲು ಬಾ ಎಂದು ಯಾರಿಗೂ ಹೇಳಲಾಗದು. ಹುಳು ಹಣ್ಣಾಗುವ ದಿನದ ನೂಕುನುಗ್ಗಲಿಗೆ ಬೇರೆ ಮದ್ದು ಹುಡುಕಬೇಕಾಗಿದೆ.

ಮದ್ದಿನ ಸುಳಿವು ಬಿಡದಿಯಲ್ಲೇ ಇದೆ. 1997ರಲ್ಲಿ ಸ್ಥಾಪನೆಯಾಗಿ 1999ರ ಕೊನೆಗೆ ಕಾರು ಹೊರತರಲು ಶುರುಮಾಡಿದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಜಪಾನಿನ ಟೊಯೊಟಾ ಉತ್ಪಾದನಾ ಪದ್ಧತಿಯದು. ಆ ಪದ್ಧತಿಯ ಮುಖ್ಯ ತತ್ತ್ವಗಳಲ್ಲಿ ಒಂದು ಹೇಜುಂಕಾ. ಒಂದೇ ಮಾದರಿಯ ಕಾರುಗಳನ್ನು ರಾಶಿಯಾಗಿ ತಯಾರಿಸಿ ಒಂದು ವಿಭಾಗದವರನ್ನು ಇವತ್ತು ಸುಸ್ತಾಗಿಸಿ ನಾಳೆ ಖಾಲಿ ಕೂರಿಸುವ ಬದಲು, ಬೇರೆಬೇರೆ ಮಾದರಿಗಳನ್ನು ಬೆರೆಸಿ ದಿನವೂ ಒಂದೇ ಸಮನಾದ ಹೊರೆ ಬರುವಂತೆ ಕೆಲಸವನ್ನೇ ಹರಡುವುದು. ಆಳನ್ನು ಆಚೀಚೆ ಎಳೆದಾಡುವ ಲೆವೆಲಿಂಗಿಗಿಂತ ಇದು ಮೂಲಕ್ಕೆ ಕೈಹಾಕುವ ಕ್ರಮ. ರೇಷ್ಮೆಯಲ್ಲಿ ಇದನ್ನು ಮಾಡಬಹುದಾದ ಜಾಗ ಚಾಕಿ ಕೇಂದ್ರ. ಯಾವ ಊರಿನ ಯಾರಿಗೆ ಎಷ್ಟು ಮೊಟ್ಟೆಯ ಹುಳು ಯಾವ ದಿನ ಕೊಟ್ಟರೆಂಬುದು ಅಲ್ಲಿಯ ಪುಸ್ತಕದಲ್ಲಿ ಇರುತ್ತದೆ. ಅದರಿಂದ ಸುಮಾರು ಎರಡೂವರೆ ವಾರಕ್ಕೆ ಆ ಮನೆಯಲ್ಲಿ ಹುಳು ಹಣ್ಣಾಗುತ್ತದೆ. ಒಂದೇ ಊರಿನ ಐದು ಮನೆಗೆ ಒಂದೇ ದಿನ ಕೊಡದೆ ಎರಡೆರಡು ದಿನದ ಅಂತರದಲ್ಲಿ ಕೊಟ್ಟರೆ ಅದೇ ಹತ್ತು ಆಳು ಐದೂ ಮನೆಗೆ ಸಾಲುತ್ತಾರೆ. ಗೂಡೂ ಮಾರುಕಟ್ಟೆಗೆ ಒಂದೇ ದಿನ ಮುಗಿಬೀಳುವುದಿಲ್ಲ. ಇದಕ್ಕೆ ದುಬಾರಿ ತಂತ್ರಾಂಶ ಬೇಡ, ಎಕ್ಸೆಲ್ ಹಾಳೆಯೊಂದು ಸಾಕು.

ಸಮನಾದ ಹೊರೆ ಎಂದಮಾತ್ರಕ್ಕೆ ಸಹಿಸಬಹುದಾದ ಹೊರೆ ಎಂದಾಗುವುದಿಲ್ಲ. ಅದೇ ಬಿಡದಿ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಕಾರ್ಮಿಕರ ಧರಣಿ, ಬೀಗಮುದ್ರೆ ಆದಾಗ ಜಗಳದ ಒಂದು ಮುಖ್ಯ ಎಳೆ ಕೆಲಸದ ಹೊರೆಯೇ ಆಗಿತ್ತು. ತಂತ್ರಾಂಶದಲ್ಲಿ ಒಬ್ಬ ಮನುಷ್ಯನ ಗರಿಷ್ಠ ಪ್ರಮಾಣ 100 ಪರ್ಸೆಂಟ್ ಎಂದು ಮೊದಲೇ ಬರೆದಿರುತ್ತದೆ. ನೀರು ಕುಡಿಯುವ, ಮೈ ನೆಟ್ಟಗೆ ಮಾಡಿಕೊಳ್ಳುವ, ಪಕ್ಕದವನಿಗೆ ಹೇಳಿಕೊಡುವ ಹೊತ್ತು ಆ ನೂರರೊಳಗೇ ಇದೆ ಎಂಬುದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಆ ಅಂಕಿಯನ್ನು ಎಂಬತ್ತಕ್ಕೆ ಇಳಿಸಿ ಪಟ್ಟಿ ಮಾಡುವ ಮ್ಯಾನೇಜರುಗಳಿದ್ದಾರೆ, ಅವರ ದಿನಾಂಕಗಳು ಹೆಚ್ಚು ಸಲ ನಿಜವಾಗುತ್ತವೆ. ಬಿಸಿನೀರಿನ ಬೇಸಿನ್ ಮುಂದೆ ದಿನವಿಡೀ ಕೈಯಿಟ್ಟು ಬೆರಳು ಬಿರಿದುಕೊಳ್ಳುವ ಹೆಂಗಸಿನ ನೂರು ಪರ್ಸೆಂಟ್ ಎಷ್ಟು ಎಂದು ನಿಗದಿ ಮಾಡುವ ಹಕ್ಕು ಯಾರದು? ಈ ಪ್ರಶ್ನೆಗೆ ಯಾವ ಕಾಲಮ್ಮೂ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. ಹೆಸರು ಹಾಕುವ ಮುಂಚೆ ಆ ಹೆಸರಿನವರನ್ನು ಕೇಳುವುದು ಸೌಜನ್ಯಕ್ಕಷ್ಟೇ ಅಲ್ಲ, ಲೆಕ್ಕ ಸರಿಯಾಗಿ ಕೂರುವುದಕ್ಕೂ ಅದು ಬೇಕು.

ಕೆಲಸಕ್ಕೆ ಹೆಸರು ಕಟ್ಟುವ ಸಾಫ್ಟ್‌ವೇರನ್ನು ಈ ತಾಲ್ಲೂಕುಗಳ ಅತಿ ಹೆಚ್ಚು ಜನ ಮುಖಾಮುಖಿ ಕಂಡದ್ದು ಯಾವುದೇ ಕಂಪನಿಯಲ್ಲಲ್ಲ, ಗ್ರಾಮ ಪಂಚಾಯಿತಿಯಲ್ಲಿ. 2005ರ ಕಾನೂನಿನಂತೆ ಬಂದ ಉದ್ಯೋಗ ಖಾತರಿ ಯೋಜನೆಯಲ್ಲಿ ಕನಕಪುರ ಹೆಸರು ಮಾಡಿದ ತಾಲ್ಲೂಕು. ಚೆಕ್‌ಡ್ಯಾಂ, ಕೃಷಿ ಹೊಂಡ, ದನದ ಕೊಟ್ಟಿಗೆ, ಹಿಪ್ಪುನೇರಳೆ ತೋಟ ಎಲ್ಲಕ್ಕೂ ಅಂದಾಜು ಪಟ್ಟಿ, ಅದರಲ್ಲಿ ಇಷ್ಟು ಮಾನವ ದಿನ, ಇಷ್ಟು ಸಾಮಗ್ರಿ. ಕೂಲಿಗೂ ಸಾಮಗ್ರಿಗೂ 60ಕ್ಕೆ 40ರ ಪ್ರಮಾಣ. ಕೆಲಸ ಕೇಳಿದವರಿಗೆ 15 ದಿನದೊಳಗೆ ಕೆಲಸ. ಯಾರು ಯಾವ ಕಾಮಗಾರಿಗೆ ಎಂಬ ಹಾಜರಿ ಪಟ್ಟಿ ಕಂಪ್ಯೂಟರಿನಿಂದ ಹೆಸರು ಸಮೇತ ಮೊದಲೇ ಅಚ್ಚಾಗಿ ಬರುತ್ತಿತ್ತು. ಈ ಯೋಜನೆಯ ದೊಡ್ಡ ಗುಣವೇನೆಂದರೆ ಇಲ್ಲಿ ಲೆಕ್ಕ ಆಳಿನಿಂದ ಶುರುವಾಗುತ್ತಿತ್ತು. ಕೆಲಸ ಬೇಕೆಂದು ಅರ್ಜಿ ಬಂದ ಮೇಲೆ ಕಾಮಗಾರಿ ಹೊಂದಿಸಬೇಕಿತ್ತು, ಕಾಮಗಾರಿಗೆ ಆಳು ಹುಡುಕುವುದಲ್ಲ. ಗ್ಯಾಂಟ್‌ನಿಂದ ಪ್ರೈಮವೇರಾವರೆಗಿನ ಕ್ರಮವನ್ನು ಒಂದು ಕಾನೂನು ತಿರುಗಿಸಿ ನಿಲ್ಲಿಸಿತ್ತು.

ನಡವಳಿಕೆಯಲ್ಲಿ ಅದು ಬಿಗಿಯಾಯಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಆ ಅವಧಿಯಲ್ಲಿ ಆ ಕೆಲಸಕ್ಕೆ ಸೇರುವಂತಿರಲಿಲ್ಲ. ಅಕ್ಕ ಜ್ವರ ಬಂದು ಮಲಗಿದ್ದಾಳೆ, ಅವಳ ಬದಲು ನಾನು ಬರುತ್ತೇನೆ ಎಂದರೆ ಕೆಲಸದ ಜಾಗದ ಮೇಲ್ವಿಚಾರಕರಾದ ಕಾಯಕ ಬಂಧು ಏನೂ ಮಾಡುವಂತಿರಲಿಲ್ಲ. 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ ಮೊಬೈಲ್ ಆ್ಯಪಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಸುಳ್ಳು ಹಾಜರಿ ತಡೆಯುವ ಉದ್ದೇಶ ಸರಿಯೇ. ಆದರೆ ಬೆಳಿಗ್ಗೆ ಬೇಗ ಬಂದು ಅಳತೆಯಷ್ಟು ಮಣ್ಣು ಎತ್ತಿ ಮುಗಿಸಿದವರೂ ಎರಡನೇ ಫೋಟೊಗೆ ಕಾಯಬೇಕಿತ್ತು, ಕಾಡಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕಿಗೆ ಕಾಯಬೇಕಿತ್ತು. ಅಳತೆಗೆ ಕೂಲಿ ಎಂಬ ನಿಯಮ ಒಂದು ಕಡೆ, ಗಂಟೆಗೆ ಹಾಜರಿ ಎಂಬ ನಿಯಮ ಇನ್ನೊಂದು ಕಡೆ. ದುಡಿಮೆ ಸ್ಥಿರವೋ ಅವಧಿ ಸ್ಥಿರವೋ ಎಂದು ತಂತ್ರಾಂಶ ಕೇಳುವ ಪ್ರಶ್ನೆಯನ್ನು ಸರ್ಕಾರ ತನಗೆ ತಾನೇ ಕೇಳಿಕೊಳ್ಳಲಿಲ್ಲ, ಎರಡನ್ನೂ ಒಟ್ಟಿಗೆ ಹಿಡಿಯಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾನೂನು ಆ ಹಳೆಯ ಕಾನೂನಿನ ಜಾಗಕ್ಕೆ ಬಂದಿದೆ. ಖಾತರಿಯ ದಿನಗಳು 100ರಿಂದ 125ಕ್ಕೆ ಏರಿವೆ. ಬಿತ್ತನೆ ಕೊಯ್ಲಿನ ಕಾಲದಲ್ಲಿ ಹೊಲಕ್ಕೆ ಆಳು ಸಿಗಲೆಂದು ವರ್ಷಕ್ಕೆ ಒಟ್ಟು 60 ದಿನದವರೆಗೆ ಈ ಕಾಮಗಾರಿಗಳನ್ನು ನಿಲ್ಲಿಸಲು ರಾಜ್ಯಗಳಿಗೆ ಅಧಿಕಾರ ಸಿಕ್ಕಿದೆ. ಹಣದ ಹೊಣೆ ರಾಜ್ಯಗಳ ಮೇಲೆ ಹೆಚ್ಚಿದ್ದಕ್ಕೆ, ಕೇಳಿದಾಗ ಕೆಲಸ ಎಂಬ ಹಕ್ಕು ಸಡಿಲವಾಗುವ ಭಯಕ್ಕೆ ಕರ್ನಾಟಕ ಸರ್ಕಾರ ಇದನ್ನು ವಿರೋಧಿಸಿದೆ. ಆ ವಿರೋಧದಲ್ಲಿ ನನಗೆ ನ್ಯಾಯ ಕಾಣುತ್ತದೆ. ನಿಲುಗಡೆಯ 60 ದಿನ ಮಾತ್ರ, ಯಾರು ಹೇಗೆ ಬರೆಯುತ್ತಾರೆ ಎಂಬುದರ ಮೇಲೆ, ಒಳ್ಳೆಯ ಕ್ಯಾಲೆಂಡರೂ ಆಗಬಹುದು, ಕೂಲಿ ಇಳಿಸುವ ಸಾಧನವೂ ಆಗಬಹುದು. ಹೊಲದ ಕೂಲಿ ನಂಬಿದವರಿಗೆ ಬೇರೆ ಕೆಲಸದ ದಾರಿ ಮುಚ್ಚಿದ ತಿಂಗಳಲ್ಲಿ ಕೂಲಿ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ಯಾವ ಅರವತ್ತು ದಿನ ಎಂಬುದಂತೂ ಈ ಸೀಮೆಯಲ್ಲಿ ಸುಲಭದ ಪ್ರಶ್ನೆಯಲ್ಲ. ರಾಗಿಯವರಿಗೆ ವರ್ಷದ ಕೊನೆಯ ಎರಡು ತಿಂಗಳು ಆಳು ಬೇಕು. ಮಾವಿನವರಿಗೆ ಏಪ್ರಿಲ್‌ನಿಂದ ಜೂನ್. ಮಾಗಡಿಯ ಅವರೆಯವರಿಗೆ ಡಿಸೆಂಬರ್, ಜನವರಿ. ಮಾವಿನ ತೋಟದಲ್ಲಿ ಆಗ ಬಿಡುವಿರುತ್ತದೆ, ಅಲ್ಲಿಯ ಕೂಲಿಯವರು ಪಂಚಾಯಿತಿ ಕೆಲಸ ಕೇಳುವುದು ಆ ತಿಂಗಳುಗಳಲ್ಲೇ. ವರ್ಷವಿಡೀ ಬೆಳೆ ಮೇಲೆ ಬೆಳೆ ತೆಗೆಯುವ ರೇಷ್ಮೆಯವರಿಗೆ ಯಾವ ತಿಂಗಳೂ ಒಂದೇ. ಬೇರೆಬೇರೆ ಪ್ರದೇಶಕ್ಕೆ ಬೇರೆಬೇರೆ ಅವಧಿ ಗುರುತಿಸಲು ಕಾನೂನಿನಲ್ಲಿ ಎಡೆಯಿದೆ. ಜಿಲ್ಲೆಗೆಲ್ಲ ಒಂದೇ ದಿನಾಂಕ ಹೊರಡಿಸುವುದು ಕಚೇರಿಗೆ ಸುಲಭ, ಹೊಲಕ್ಕಾಗಲಿ ಕೂಲಿಗಾಗಲಿ ಅದರಿಂದ ಉಪಯೋಗವಿಲ್ಲ. ಪ್ರತಿ ಪಂಚಾಯಿತಿಯ ಗ್ರಾಮಸಭೆ ಮುಂದಿನ ವರ್ಷದ ಕ್ರಿಯಾಯೋಜನೆ ಒಪ್ಪುವ ದಿನವೇ ರೈತರನ್ನೂ ಕೂಲಿಯವರನ್ನೂ ಎದುರುಬದುರು ಕೂರಿಸಿ, ತಮ್ಮ ಊರಿನಲ್ಲಿ ಯಾವ ವಾರಗಳಲ್ಲಿ ಕೈ ಸಾಲದು, ಯಾವ ವಾರಗಳಲ್ಲಿ ಕೈಗೆ ಕೆಲಸ ಸಾಲದು ಎಂದು ಬರೆಸಿಕೊಳ್ಳಬೇಕು. ಕಾಮಗಾರಿಗಳ ಹೆಸರನ್ನು ಅದಾದ ಮೇಲೆ ಸೇರಿಸಿದರಾಯಿತು.